ಪಿಯಾನೋ, ಸೋರೆಬುರುಡೆ ಮತ್ತು ಎಂಟು ಮಾತ್ರೆ: ಕ್ಯೂಬಾದ ದಾನ್ಸೋನ್ ಕೇಳುವ ಬಗೆ

ಸಾಂತಿಯಾಗೊ ದೆ ಕ್ಯೂಬಾದಲ್ಲಿ ಹುಟ್ಟಿದ ಪಿಯಾನೋ ವಾದಕ ದಾವಿದ್ ವಿರೆಯೆಸ್ 2018ರಲ್ಲಿ ‘ಇಗ್ಬೊ ಅಲಾಕೊರಿನ್’ ಎಂಬ ಎರಡು ಸಂಪುಟಗಳ ಆಲ್ಬಂ ಹೊರತಂದರು. ಮೊದಲ ಸಂಪುಟದಲ್ಲಿ ಹಾಡುಗಾರರಿದ್ದಾರೆ, ತುಂಬಿದ ವಾದ್ಯಮೇಳವಿದೆ. ಎರಡನೆಯದರಲ್ಲಿ ಕೇಳಿಸುವುದು ಎರಡೇ ಸದ್ದು. ಒಂದು ಪಿಯಾನೋ, ಇನ್ನೊಂದು, ಒಣಗಿದ ಸೋರೆಬುರುಡೆಯ ಮೈಯನ್ನು ಕಡ್ಡಿಯಿಂದ ಗೀರುವ ಸದ್ದು. ನುಡಿಸಿರುವುದು ನೂರು ವರ್ಷ ಹಳೆಯ ಕುಣಿತದ ಸಂಗೀತ, ಹೆಸರು ದಾನ್ಸೋನ್. ಇಲ್ಲಿನ ದಾನ್ಸೋನ್‌ಗಳ ಕರ್ತೃ ಆಂತೋನಿಯೊ ಮರಿಯಾ ರೊಮೆಯು.

ಮೊದಲ ಸಲ ಕೇಳಿದವರಿಗೆ ಒಂದಷ್ಟು ತಬ್ಬಿಬ್ಬಾಗುವುದು ಸಹಜ. ಕುಣಿತದ ಸಂಗೀತ ಅನ್ನುತ್ತಾರೆ, ಆದರೆ ಅಬ್ಬರವಿಲ್ಲ. ರಾಗ ಒಂದು ದಾರಿ ಹಿಡಿಯಿತು ಅನ್ನುವಷ್ಟರಲ್ಲಿ ಮೊದಲಿನ ಪೀಠಿಕೆಯೇ ಮತ್ತೆ ಬರುತ್ತದೆ. ಬುರುಡೆಯ ಗೀರು ತಾಳಕ್ಕೆ ಕೂತೂ ಕೂರದ ಹಾಗೆ ಇರುತ್ತದೆ. ಇದರಲ್ಲಿ ಒಂದೂ ಆಕಸ್ಮಿಕವಲ್ಲ. ಕುಣಿಯುವವರ ಕಾಲು, ಉಸಿರು, ಸೆಕೆ ಎಲ್ಲವನ್ನೂ ಲೆಕ್ಕ ಹಾಕಿಯೇ ಈ ಸಂಗೀತ ಕಟ್ಟಿದ್ದಾರೆ. ಲೆಕ್ಕ ತಿಳಿದರೆ ಕಿವಿ ತಾನಾಗಿ ದಾರಿ ಹಿಡಿಯುತ್ತದೆ.

ಮೂರು ಹೆಸರು, ಒಂದೇ ವಂಶ

ಕಾಂತ್ರಾದಾನ್ಸಾ, ದಾನ್ಸಾ, ದಾನ್ಸೋನ್ ಎಂಬ ಮೂರು ಹೆಸರುಗಳು ಒಟ್ಟೊಟ್ಟಿಗೆ ಬಂದು ಗೊಂದಲ ಮಾಡುತ್ತವೆ. ಅಜ್ಜಿ, ತಾಯಿ, ಮಗಳು ಎಂದುಕೊಂಡರೆ ಸಾಕು.

ಇಂಗ್ಲೆಂಡಿನ ಹಳ್ಳಿಗಳ ಸಾಲುಕುಣಿತ ಫ್ರಾನ್ಸಿನ ಅರಮನೆಗೆ ಹೋಯಿತು, ಅಲ್ಲಿಂದ ಸ್ಪೇನಿಗೆ, ಸ್ಪೇನಿನಿಂದ ಅದರ ವಸಾಹತಾಗಿದ್ದ ಕ್ಯೂಬಾಕ್ಕೆ ಬಂತು. ಇದು ಒಂದು ದಾರಿ. ಇನ್ನೊಂದು ದಾರಿ ಪಕ್ಕದ ಹೈಟಿಯದು. 1791ರಲ್ಲಿ ಅಲ್ಲಿನ ಗುಲಾಮರು ದಂಗೆ ಎದ್ದ ಮೇಲೆ ಫ್ರೆಂಚ್ ತೋಟಗಾರರು ತಮ್ಮ ಗುಲಾಮರ ಸಮೇತ ಸಮುದ್ರ ದಾಟಿ ಪೂರ್ವ ಕ್ಯೂಬಾದ ಸಾಂತಿಯಾಗೊಕ್ಕೆ ಬಂದರು. ಸ್ವತಂತ್ರರಾಗಿದ್ದ ಕಪ್ಪು ಮತ್ತು ಮಿಶ್ರ ವರ್ಣದ ಜನರೂ ಬಂದರು. ಫ್ರೆಂಚ್ ಸಾಲುಕುಣಿತವೂ ಆಫ್ರಿಕಾ ಮೂಲದ ಲಯವೂ ಅವರ ಜೊತೆಗೇ ಬಂದವು. 1803ರ ‘ಸಾನ್ ಪಾಸ್ಕ್ವಾಲ್ ಬೈಲೋನ್’ ನಮಗೆ ಸಿಕ್ಕಿರುವ ಅತಿ ಹಳೆಯ ಕ್ಯೂಬನ್ ಕಾಂತ್ರಾದಾನ್ಸಾ.

ಕಾಂತ್ರಾದಾನ್ಸಾದಲ್ಲಿ ಜೋಡಿಗಳು ಎದುರುಬದುರು ಸಾಲಾಗಿ ನಿಲ್ಲುತ್ತವೆ. ಸಂಗೀತಕ್ಕೆ ಎರಡೇ ಭಾಗ, ಒಂದೊಂದೂ 8 ಆವರ್ತ (ಪಾಶ್ಚಾತ್ಯ ಸಂಗೀತಗಾರರು ‘ಬಾರ್’ ಅನ್ನುವುದು ಇದನ್ನೇ), ಒಂದೊಂದನ್ನೂ ಎರಡೆರಡು ಸಲ ನುಡಿಸಬೇಕು. ಒಟ್ಟು 32 ಆವರ್ತ. ಕುಣಿತಕ್ಕೂ ನಾಲ್ಕು ವಿನ್ಯಾಸ: ಪಾಸೆಯೊ, ಕಾದೆನಾ, ಸೊಸ್ತೆನಿದೊ, ಸೆದಾಸೊ. ಒಂದೊಂದು ವಿನ್ಯಾಸಕ್ಕೆ 8 ಆವರ್ತ. ಮೊದಲಿನ ಎರಡು ನಡಿಗೆಯ ಹಾಗೆ ಸಾವಧಾನ, ಕೊನೆಯ ಎರಡು ಚುರುಕು. ಹೀಗಾಗಿ ಸಂಗೀತದ ಮೊದಲ ಭಾಗ ಯೂರೋಪಿನ ಗಾಂಭೀರ್ಯದಲ್ಲಿ ಇರುತ್ತದೆ, ಎರಡನೆಯ ಭಾಗದಲ್ಲಿ ಕ್ಯೂಬಾದ ಲಯ ಮೇಲೇಳುತ್ತದೆ.

ಸಾಲು ಒಡೆದು ಜೋಡಿಗಳು ತಮ್ಮ ಪಾಡಿಗೆ ತಾವು ಕುಣಿಯತೊಡಗಿದಾಗ ಹೆಸರು ‘ದಾನ್ಸಾ’ ಎಂದು ಮೊಟಕಾಯಿತು. ಇದೇ ಸಂಗೀತ ಹಡಗು ಹತ್ತಿ ಹೊರಗೆ ಹೋದಾಗ ಅಲ್ಲಿನವರು ‘ಹವಾನಾದ ಕಡೆಯದು’ ಎಂದು ಹಬನೇರಾ ಅಂದರು. 1875ರ ಪ್ಯಾರಿಸ್ ಆಪೆರಾ ‘ಕಾರ್ಮೆನ್’ನ ಪ್ರಸಿದ್ಧ ಹಾಡಿನ ಕೆಳಗೆ ತೂಗುವ ಲಯ ಇದೇ.

‘ನೋಡು ನೋಡು ಬಾ’

ಈಗ ಲೇಖನದ ಮುಖ್ಯ ವಿಷಯ. ಇದನ್ನು ಓದಿದರೆ ಸಾಲದು, ಬಾಯಲ್ಲಿ ಹೇಳಬೇಕು, ತೊಡೆಯ ಮೇಲೆ ತಟ್ಟಬೇಕು.

ಒಂದು ಆವರ್ತಕ್ಕೆ ಎರಡು ಬಡಿತ. ಒಂದೊಂದು ಬಡಿತವನ್ನೂ ನಾಲ್ಕು ಮಾಡಿದರೆ 8 ಮಾತ್ರೆ. ಬಡಿತಗಳು ಬೀಳುವುದು 1 ಮತ್ತು 5ನೇ ಮಾತ್ರೆಯ ಮೇಲೆ. ಕನ್ನಡ ಛಂದಸ್ಸು ಓದಿದವರಿಗೆ ಮುಂದಿನದು ಸುಲಭ: ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು. ಗುರು, ಲಘು, ಗುರು, ಲಘು, ಗುರು ಎಂದು ಜೋಡಿಸಿದರೆ ಐದು ಅಕ್ಷರ, ಎಂಟು ಮಾತ್ರೆ. ‘ನೋಡು ನೋಡು ಬಾ’ ಎಂದು ನಿಧಾನಕ್ಕೆ ಹೇಳಿ. ಇದೇ ಸಿಂಕಿಯೊ. ಸ್ಪ್ಯಾನಿಷ್‌ನಲ್ಲಿ ‘ಐದರ ಚಿಕ್ಕ ಗುಂಪು’ ಅನ್ನುವ ಅರ್ಥ. ದಾನ್ಸೋನಿನ ಜೀವ ಇರುವುದು ಇದರಲ್ಲಿ.

ಅಕ್ಷರಗಳು ಬೀಳುವ ಜಾಗ ನೋಡಿ: 1, 3, 4, 6, 7. ಎರಡನೆಯ ಬಡಿತ ಬೀಳಬೇಕಾದ 5ನೇ ಮಾತ್ರೆಯಲ್ಲಿ ಹೊಸ ಅಕ್ಷರವೇ ಇಲ್ಲ. ಎರಡನೆಯ ‘ನೋ’ ಎಳೆದುಕೊಂಡು ಅದರ ಮೇಲೆ ಹಾದುಹೋಗುತ್ತದೆ. ತೊಡೆಯ ಮೇಲೆ 1 ಮತ್ತು 5ಕ್ಕೆ ತಟ್ಟುತ್ತಾ ಬಾಯಲ್ಲಿ ‘ನೋಡು ನೋಡು ಬಾ’ ಹೇಳಿದರೆ ಎರಡನೆಯ ತಟ್ಟು ಖಾಲಿ ಜಾಗಕ್ಕೆ ಬೀಳುವುದು ಗೊತ್ತಾಗುತ್ತದೆ. ಆ ಖಾಲಿ ಜಾಗವೇ ದೇಹವನ್ನು ಎಳೆಯುವುದು. ಸದ್ದು ಕೊಡದ ಜಾಗವನ್ನು ಕುಣಿಯುವವರ ಹೆಜ್ಜೆ ತುಂಬುತ್ತದೆ.

ಮೂರು ಪದಗಳ ಮೊದಲ ಅಕ್ಷರ ಮಾತ್ರ ಉಳಿಸಿಕೊಳ್ಳಿ: ನೋ, ನೋ, ಬಾ. ಜಾಗ 1, 4, 7. ಅಂತರ 3, 3, 2. ಮೃದಂಗ ಗೊತ್ತಿದ್ದವರು ‘ತಕಿಟ ತಕಿಟ ತಕ’ ಎಂದು ಎಣಿಸಬಹುದು. ಇದರ ಹೆಸರು ತ್ರೆಸಿಯೊ, ಅಂದರೆ ಮೂರರ ಗುಂಪು. ಸಿಂಕಿಯೊ ಅನ್ನುವುದು ಮೈ ತುಂಬಿಕೊಂಡ ತ್ರೆಸಿಯೊ ಅಷ್ಟೇ. ತ್ರೆಸಿಯೊಗೆ 5ನೇ ಮಾತ್ರೆಯ ಬಡಿತವನ್ನು ಮರಳಿ ಸೇರಿಸಿದರೆ 1, 4, 5, 7. ಅದು ಹಬನೇರಾ, ಪಿಯಾನೋದ ಎಡಗೈಯ ಕೆಲಸ. ಬಲಗೈ ಸಿಂಕಿಯೊದಲ್ಲಿ 5ನ್ನು ಖಾಲಿ ಬಿಟ್ಟಾಗ ಎಡಗೈ ಸರಿಯಾಗಿ ಅಲ್ಲಿ ಒಂದು ಸ್ವರ ಇಡುತ್ತದೆ. ಎರಡು ಕೈ ಸೇರಿ ಒಂದು ಚರ್ಮವಾದ್ಯದ ಕೆಲಸ ಮಾಡುವುದು ಹೀಗೆ.

ದಾನ್ಸೋನಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ. ಒಂದು ಆವರ್ತ ಸಿಂಕಿಯೊ, ಅದರ ಮುಂದಿನ ಆವರ್ತ ನಾಲ್ಕು ಸಮ ಗುರುಗಳು. ‘ನೋಡು ನೋಡು ಬಾ, ಬೇಗಾ ಬೇಗಾ’. ಮೊದಲರ್ಧ ತೂಗಿಸುತ್ತದೆ, ಎರಡನೆಯರ್ಧ ನೆಲಕ್ಕೆ ಇಳಿಸುತ್ತದೆ. ವಾದ್ಯಮೇಳದಲ್ಲಿ ಪೈಲಾ ಎಂಬ ಲೋಹದ ಒಡಲಿನ ಜೋಡಿ ನಗಾರಿಯ ಮೇಲೆ ಕಡ್ಡಿಗಳಿಂದ ಇದನ್ನು ನುಡಿಸುತ್ತಾರೆ, ಬಾಕೆತೆಯೊ ಎಂದು ಕರೆಯುತ್ತಾರೆ. ಯಾವ ಹಳೆಯ ದಾನ್ಸೋನ್ ಹಾಕಿದರೂ ಈ 16 ಮಾತ್ರೆಯ ಸಾಲನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ, ಕೂರುತ್ತದೆ.

ಪಡಸಾಲೆಯ ಪಿಯಾನೋ

ಹತ್ತೊಂಬತ್ತನೆಯ ಶತಮಾನದ ಹವಾನಾದಲ್ಲಿ ಕುಣಿತದ ರಾಗಗಳು ಪಿಯಾನೋ ಹಾಳೆಗಳಾಗಿ ಅಚ್ಚಾಗುತ್ತಿದ್ದವು. ಉಳ್ಳವರ ಮನೆಯ ಪಡಸಾಲೆಯಲ್ಲಿ ಅದನ್ನು ಇಟ್ಟುಕೊಂಡು ನುಡಿಸುತ್ತಿದ್ದರು. ಅದೇ ರಾಗವನ್ನು ರಾತ್ರಿ ಕುಣಿತದ ಮನೆಯಲ್ಲಿ ಮೇಳದವರು ನುಡಿಸುತ್ತಿದ್ದರು. ಆ ಮೇಳದವರಲ್ಲಿ ಬಹುಪಾಲು ಕಪ್ಪು ಮತ್ತು ಮಿಶ್ರ ವರ್ಣದ ಸಂಗೀತಗಾರರು; ಹಾಳೆಯ ಮೇಲೆ ಬರೆಯದ ಲಯವನ್ನು ಸಂಗೀತದೊಳಗೆ ತಂದವರು ಅವರೇ. ಕ್ಯೂಬಾದಲ್ಲಿ ಗುಲಾಮಗಿರಿ ಕೊನೆಯಾದದ್ದು 1886ರಲ್ಲಿ ಎಂಬುದನ್ನು ಇಲ್ಲಿ ಮರೆಯಬಾರದು.

ಮನುಯೆಲ್ ಸೌಮೆಲ್ (1818–1870) ಈ ಪುಟ್ಟ ರೂಪವನ್ನು ಕಲೆಯ ಮಟ್ಟಕ್ಕೆ ಏರಿಸಿದವರು. ಹವಾನಾದ ಬಡ ಕುಟುಂಬದವರು, ಪಾಠ ಹೇಳಿ, ಚರ್ಚಿನಲ್ಲಿ ಆರ್ಗನ್ ನುಡಿಸಿ ಬದುಕಿದರು. ಕ್ಯೂಬಾದ ಕಥೆಯ ಮೇಲೆ ಆಪೆರಾ ಬರೆಯಬೇಕೆಂಬ ಆಸೆ ಈಡೇರಲಿಲ್ಲ. ಉಳಿದಿರುವುದು ಪಿಯಾನೋಗೆ ಬರೆದ ಐವತ್ತಕ್ಕೂ ಹೆಚ್ಚು ಕಾಂತ್ರಾದಾನ್ಸಾಗಳು. ಮೊದಲೇ ಹೇಳಿದ 32 ಆವರ್ತದೊಳಗೆ ಅವರು ಏನೆಲ್ಲ ಮಾಡಿದ್ದಾರೆ ಎಂಬುದು ಬೆರಗು ಹುಟ್ಟಿಸುತ್ತದೆ. ನಿಮಿಷಕ್ಕೆ 90 ಬಡಿತದ ವೇಗದಲ್ಲಿ 32 ಆವರ್ತ ಮುಗಿಯಲು ಮುಕ್ಕಾಲು ನಿಮಿಷವೂ ಬೇಡ. ಅಷ್ಟರೊಳಗೆ ಎಡಗೈ ಎರಡರ ಲೆಕ್ಕದಲ್ಲಿ ನಡೆದರೆ ಬಲಗೈ ಮೂರರ ಲೆಕ್ಕ ಹಿಡಿದು ಅದರ ಮೇಲೆ ತೇಲುವುದನ್ನು ಕೇಳಬಹುದು.

ಇಗ್ನಾಸಿಯೊ ಸರ್ವಾಂತೆಸ್ (1847–1905) ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಓದಿ ಬಂದವರು. ಸ್ಪೇನಿನ ವಿರುದ್ಧದ ಸ್ವಾತಂತ್ರ್ಯ ಹೋರಾಟಕ್ಕೆ ಕಛೇರಿಗಳಿಂದ ಹಣ ಕೂಡಿಸಿದ ಕಾರಣಕ್ಕೆ 1875ರಲ್ಲಿ ಅವರನ್ನೂ ಪಿಟೀಲು ವಾದಕ ಹೊಸೆ ವೈಟ್ ಅವರನ್ನೂ ದ್ವೀಪ ಬಿಟ್ಟು ಹೋಗುವಂತೆ ಮಾಡಿದರು. ‘ಆದಿಯೋಸ್ ಆ ಕೂಬಾ’, ಕ್ಯೂಬಾಕ್ಕೆ ವಿದಾಯ, ಆ ಅಗಲಿಕೆಯ ದಾನ್ಸಾ. ಅವರ ದಾನ್ಸಾಗಳು ಕುಣಿತದ ಮನೆಗಿಂತ ಒಬ್ಬಂಟಿ ಕೇಳುಗನಿಗೆ ಹೆಚ್ಚು ಹತ್ತಿರ. ಆದರೂ ‘ಲೋಸ್ ತ್ರೆಸ್ ಗೋಲ್ಪೆಸ್’ (ಮೂರು ಏಟು) ಕೇಳಿ ಕಾಲು ಸುಮ್ಮನಿರಿಸಿಕೊಳ್ಳುವುದು ಕಷ್ಟ. ಪಿಯಾನೋ ಕಲಿಯುವವರು ಶುರು ಮಾಡಬೇಕಾದದ್ದು ಸರ್ವಾಂತೆಸ್‌ನಿಂದಲೇ; ಒಂದೆರಡು ಪುಟದ ರಚನೆಗಳು, ಕೈಗೆ ಸಿಗುತ್ತವೆ, ಕಲಿಸುವುದು ಮಾತ್ರ ಬಹಳ.

ಅರ್ಧದಲ್ಲಿ ನಿಲ್ಲುವ ಕುಣಿತ

1879ರ ಜನವರಿ 1. ಹವಾನಾದ ಪೂರ್ವಕ್ಕಿರುವ ಮತಾನ್ಸಾಸ್ ಪಟ್ಟಣದ ಲಿಸೆಯೊ ಸಭಾಂಗಣದಲ್ಲಿ ಕಾರ್ನೆಟ್ (ಗಿಡ್ಡ ಹಿತ್ತಾಳೆ ತುತ್ತೂರಿ) ವಾದಕ ಮಿಗೆಲ್ ಫಾಯಿಲ್ದೆ ತಮ್ಮ ಮೇಳದೊಂದಿಗೆ ‘ಲಾಸ್ ಅಲ್ತೂರಾಸ್ ದೆ ಸಿಂಪ್ಸನ್’ ನುಡಿಸಿದರು. ಸಿಂಪ್ಸನ್ ಅನ್ನುವುದು ಅದೇ ಊರಿನ ಒಂದು ಬಡಾವಣೆ. ದಾನ್ಸೋನಿನ ಚರಿತ್ರೆಯನ್ನು ಈ ದಿನದಿಂದ ಎಣಿಸುವುದು ವಾಡಿಕೆ. ‘ದಾನ್ಸೋನ್’ ಅಂದರೆ ದೊಡ್ಡ ದಾನ್ಸಾ. ಗಂಡು ಹೆಣ್ಣು ಒಬ್ಬರನ್ನೊಬ್ಬರು ಹಿಡಿದು ಹತ್ತಿರದಲ್ಲಿ ಅಷ್ಟು ಹೊತ್ತು ಕುಣಿಯುವುದು ಆ ಕಾಲದ ಮರ್ಯಾದಸ್ಥರಿಗೆ ಸಹಿಸಲಾಗಲಿಲ್ಲ. ಕುಣಿತದಲ್ಲಿ ಆಫ್ರಿಕಾದ ಛಾಯೆ ಕಂಡದ್ದು ಅವರ ಸಿಟ್ಟಿಗೆ ಇನ್ನೊಂದು ಕಾರಣ.

ದೊಡ್ಡದಾದದ್ದು ಹೇಗೆ? ದಾನ್ಸಾಕ್ಕೆ ಎರಡು ಭಾಗ. ದಾನ್ಸೋನಿಗೆ ಒಂದು ಪೀಠಿಕೆ, ಅದು ಮರಳಿ ಮರಳಿ ಬರುತ್ತದೆ, ನಡುನಡುವೆ ಹೊಸ ರಾಗಗಳು. ಹಾಡಿನ ಪಲ್ಲವಿ ಚರಣಗಳ ನಡುವೆ ಬರುವ ಹಾಗೆ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ: ಇಲ್ಲಿ ಪಲ್ಲವಿ ಬಂದಾಗ ಯಾರೂ ಕುಣಿಯುವುದಿಲ್ಲ.

ಪೀಠಿಕೆ 4 ಆವರ್ತ, ಅದಕ್ಕೆ ಅಂಟಿಕೊಂಡ ಪಾಸೆಯೊ 4 ಆವರ್ತ. ಇಡೀ 8ನ್ನು ಮತ್ತೊಮ್ಮೆ ನುಡಿಸಿದರೆ 16. ಅಷ್ಟು ಹೊತ್ತು ಜೋಡಿಗಳು ನಿಂತಿರುತ್ತವೆ, ಬೀಸಣಿಗೆ ಬೀಸಿಕೊಳ್ಳುತ್ತವೆ, ಪರಿಚಯದವರಿಗೆ ನಮಸ್ಕಾರ ಹೇಳುತ್ತವೆ. ಪಾಸೆಯೊದ ಕೊನೆಯಲ್ಲಿ ನಗಾರಿಯಿಂದ ಒಂದು ಗುರುತಿನ ಏಟಿನ ಸಾಲು ಬರುತ್ತದೆ. ಎಲ್ಲರೂ ಒಟ್ಟಿಗೆ, ಒಂದೇ ಗಳಿಗೆಗೆ, ಹೆಜ್ಜೆ ಎತ್ತುತ್ತಾರೆ. 16 ಆವರ್ತದ ರಾಗ ಮುಗಿದು ಪೀಠಿಕೆ ಮರಳಿದಾಗ ಮತ್ತೆ ನಿಲ್ಲುತ್ತಾರೆ. ನಿಮಿಷಕ್ಕೆ 90 ಬಡಿತವಾದರೆ ಆ ವಿರಾಮ ಸುಮಾರು 21 ಸೆಕೆಂಡು. ಕೆರಿಬಿಯನ್ ಸೆಕೆಯಲ್ಲಿ, ಗಂಜಿ ಹಾಕಿದ ಬಟ್ಟೆಯಲ್ಲಿ ಕುಣಿಯುವವರಿಗೆ ಆ 21 ಸೆಕೆಂಡು ದೊಡ್ಡದು.

ರಾಗಗಳಿಗೂ ಒಂದು ಕ್ರಮವಿದೆ. ಮೊದಲನೆಯದು ಕ್ಲಾರಿನೆಟ್ ಅಥವಾ ಕೊಳಲಿನದು, ಲವಲವಿಕೆಯದು. ಎರಡನೆಯದು ಪಿಟೀಲಿನದು, ತುಸು ನಿಧಾನ, ಎಳೆದು ಹಾಡುವಂಥದು. 1910ರಲ್ಲಿ ಹೊಸೆ ಉರ್ಫೆ ‘ಎಲ್ ಬೊಂಬಿನ್ ದೆ ಬರ್ರೆತೊ’ ರಚಿಸಿ ಕೊನೆಗೆ ಒಂದು ಚುರುಕು ಭಾಗ ಸೇರಿಸಿದರು. ಪೂರ್ವ ಕ್ಯೂಬಾದ ‘ಸೋನ್’ ಎಂಬ ಜನಪದ ಗಾಯನದ ಲಯ ಅದು. ಆಮೇಲೆ ಆ ಬಾಲವಿಲ್ಲದ ದಾನ್ಸೋನ್ ಅಪರೂಪವಾಯಿತು. 1929ರಲ್ಲಿ ಅನಿಸೆತೊ ದಿಯಾಸ್ ಹಾಡುಗಾರಿಕೆ ಸೇರಿಸಿ ದಾನ್ಸೊನೆತೆ ಮಾಡಿದರು. 1938ರಲ್ಲಿ ಒರೆಸ್ತೆಸ್ ಲೋಪೆಸ್ ಬರೆದ ಒಂದು ದಾನ್ಸೋನಿನ ಹೆಸರು ‘ಮಾಂಬೊ’. ಆ ಹೆಸರು ಮುಂದೆ ಲೋಕ ಸುತ್ತಿದ್ದು ಎಲ್ಲರಿಗೂ ಗೊತ್ತು. ಚಾಚಾಚಾ ಹುಟ್ಟಿದ್ದೂ ದಾನ್ಸೋನ್ ಮೇಳಗಳಲ್ಲೇ.

ಪಿಯಾನೋ ಮೇಳಕ್ಕೆ ಬಂದದ್ದು

ಫಾಯಿಲ್ದೆ ಕಾಲದ ಮೇಳದಲ್ಲಿ ಪಿಯಾನೋ ಇರಲಿಲ್ಲ. ಕಾರ್ನೆಟ್, ಟ್ರಾಂಬೋನ್, ಕ್ಲಾರಿನೆಟ್, ಪಿಟೀಲು, ದೊಡ್ಡ ಬೇಸ್, ನಗಾರಿ, ಬುರುಡೆ. ಬಯಲಲ್ಲಿ ದೂರಕ್ಕೆ ಕೇಳಿಸುವ ಜೋರು ಸದ್ದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚರಂಗಾ ಎಂಬ ಮೆತ್ತನೆಯ ಮೇಳ ಅದರ ಜಾಗಕ್ಕೆ ಬಂತು: ಮರದ ಕೊಳಲು, ಪಿಟೀಲು, ಬೇಸ್, ಪೈಲಾ, ಬುರುಡೆ, ಜೊತೆಗೆ ಪಿಯಾನೋ.

ಪಿಯಾನೋವನ್ನು ಅಲ್ಲಿ ನೆಲೆಗೊಳಿಸಿದವರು ರೊಮೆಯು (1876–1955). ಹವಾನಾದ ಕೆಫೆಗಳಲ್ಲಿ ನುಡಿಸುತ್ತಾ ಮೇಲೆ ಬಂದವರು. ವಿರೆಯೆಸ್ ತಮ್ಮ ಎರಡನೆಯ ಸಂಪುಟದ ಹೆಸರಿನಲ್ಲಿ ನೆನೆದಿರುವ ‘ಲಾ ದಿಯಾನಾ’ ಅಂಥ ಒಂದು ಕೆಫೆ. ಪಿಯಾನೋ ಮತ್ತು ಬುರುಡೆ ಎರಡೇ ಸಾಕು ಅನ್ನುವ ಆ ಕೆಫೆಯ ಸದ್ದನ್ನೇ ಆಲ್ಬಂ ಮರಳಿ ಕಟ್ಟುತ್ತದೆ. ಜನ ರೊಮೆಯು ಅವರನ್ನು ‘ಎಲ್ ಮಾಗೊ ದೆ ಲಾಸ್ ತೆಕ್ಲಾಸ್’, ಕೀಲಿಮಣೆಯ ಮಾಂತ್ರಿಕ ಎಂದು ಕರೆದರು. 1926ರ ‘ತ್ರೆಸ್ ಲಿಂದಾಸ್ ಕುಬಾನಾಸ್’ನಲ್ಲಿ ಅವರ ಒಂಟಿ ಪಿಯಾನೋ ಎಷ್ಟು ಹೆಸರಾಯಿತೆಂದರೆ, ಆಮೇಲಿನ ವಾದಕರು ಅದನ್ನು ಸ್ವರಕ್ಕೆ ಸ್ವರ ಕಲಿಯುವುದು ಪಾಠದ ಒಂದು ಭಾಗವೇ ಆಯಿತು.

ಅವರ ಕೈಯಲ್ಲಿ ರಾಗ ಸಾಮಾನ್ಯವಾಗಿ ಎರಡು ಸ್ಥಾಯಿಯಲ್ಲಿ ಒಟ್ಟಿಗೆ ಸಾಗುತ್ತದೆ, ಒಂದೇ ಸ್ವರ ಮೇಲೂ ಕೆಳಗೂ. ಕೊಳಲು, ಪಿಟೀಲುಗಳ ನಡುವೆ ಪಿಯಾನೋ ಕೇಳಿಸಬೇಕಾದರೆ ಹೀಗೆ ಮಾಡದೆ ವಿಧಿಯಿಲ್ಲ. ಒಂಟಿಯಾಗಿ ನುಡಿಸುವಾಗ ಮಾತ್ರ ಎಡಗೈ ಬೇಸ್ ಮತ್ತು ನಗಾರಿ ಎರಡರ ಹೊಣೆಯನ್ನೂ ಹೊರಬೇಕು.

ಹಳೆಯ ಡಿಸ್ಕ್‌ಗಳನ್ನು ಕೇಳುವವರಿಗೆ ಒಂದು ಮಾತು. ನಿಮಿಷಕ್ಕೆ 78 ಸುತ್ತು ತಿರುಗುವ 10 ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುವುದು ಸುಮಾರು 3 ನಿಮಿಷ. ಕುಣಿತದ ಮನೆಯಲ್ಲಿ ನುಡಿಯುತ್ತಿದ್ದ ಎಲ್ಲ ಮರುಕಳಿಕೆಗೂ ಅಲ್ಲಿ ಜಾಗವಿಲ್ಲ. ಪೀಠಿಕೆ ಗಿಡ್ಡವಾಗಿ ಕೇಳಿಸಿದರೆ ದಾನ್ಸೋನಿನ ರೂಪವೇ ಹಾಗೆ ಎಂದುಕೊಳ್ಳಬೇಡಿ.

ಬುರುಡೆಯ ಗೀರು

ಗ್ವೀರೊ ಎಂಬ ಈ ವಾದ್ಯ ಒಣಗಿಸಿದ ಸೋರೆಬುರುಡೆ. ತಂಬೂರಿಯ ಬುಡಕ್ಕೆ ನಮ್ಮಲ್ಲಿ ಬಳಸುವುದೂ ಸೋರೆಯನ್ನೇ. ಕ್ಯೂಬಾದಲ್ಲಿ ಉದ್ದನೆಯ ಕಾಯಿ ಆರಿಸಿ, ತಿರುಳು ತೆಗೆದು, ಮೈಮೇಲೆ ಒಂದು ಕಡೆ ಅಡ್ಡಡ್ಡ ಗೀರುಗಾಲುವೆಗಳನ್ನು ಸಾಲಾಗಿ ಕೊರೆಯುತ್ತಾರೆ. ಹಿಂಬದಿಯಲ್ಲಿ ಬೆರಳು ತೂರಿಸಿ ಹಿಡಿಯಲು ತೂತು. ತೆಳುವಾದ ಕಡ್ಡಿಯಿಂದ ಉದ್ದಕ್ಕೆ ಎಳೆದರೆ ‘ಝ್ರಾ’ ಎಂಬ ಉದ್ದ ಗೀರು, ಚುಟುಕಾಗಿ ತಾಗಿಸಿದರೆ ‘ಚಿಕ್’. ಗುರುವಿಗೆ ಉದ್ದ ಗೀರು, ಲಘುವಿಗೆ ಚಿಕ್ಕದು. ನುಡಿಸುವವರ ನೈಪುಣ್ಯ ಇರುವುದು ಜೋರಿನಲ್ಲಲ್ಲ, ಉದ್ದ ಗೀರನ್ನು ಎಲ್ಲಿ ಬಿಡಬೇಕು ಎನ್ನುವುದರಲ್ಲಿ. ಒಂದು ಎಳೆಯಷ್ಟು ಹೆಚ್ಚು ಎಳೆದರೆ ಮುಂದಿನ ‘ಚಿಕ್’ ತಡವಾಗಿ ಇಡೀ ಆವರ್ತ ಕುಂಟುತ್ತದೆ.

ನುಡಿಸುವಾಗ ತಪ್ಪುವುದೆಲ್ಲಿ

ಪಿಯಾನೋ ಕಲಿತವರು ದಾನ್ಸಾ ಹಾಳೆ ಮುಂದಿಟ್ಟುಕೊಂಡಾಗ ಮೊದಲು ಎಡವುವುದು ಸಿಂಕಿಯೊದಲ್ಲಿ. ಹಾಳೆಯಲ್ಲಿ ಬರೆದಂತೆ 2-1-2-1-2 ಎಂದು ಗಡಿಯಾರದ ಹಾಗೆ ನುಡಿಸಿದರೆ ಸಿಪಾಯಿಗಳ ಕವಾಯತು ಕೇಳಿಸುತ್ತದೆ. ಐದನ್ನೂ ಸಮ ಮಾಡಿದರೆ ತೂಗುವ ಗುಣವೇ ಹೋಗುತ್ತದೆ. ಒಳ್ಳೆಯ ವಾದಕರ ಲಘು ಇವೆರಡರ ನಡುವೆ ಎಲ್ಲೋ ಬೀಳುತ್ತದೆ, ಬರಹದಲ್ಲಿರುವುದಕ್ಕಿಂತ ಕೂದಲೆಳೆಯಷ್ಟು ಉದ್ದ. ಲಿಪಿ ಅದನ್ನು ಹಿಡಿಯಲಾರದು; ಹಾಳೆಗೆ ಮೊದಲು ಕಿವಿ ಬೇಕು ಅನ್ನುವುದು ಅದಕ್ಕೇ. ‘ನೋಡು ನೋಡು ಬಾ’ ಎಂದು ಮಾತಾಡುವ ಹಾಗೆ ಹೇಳಿ, ಆಮೇಲೆ ಅದೇ ಉಚ್ಚಾರಣೆಯನ್ನು ಬೆರಳಿಗೆ ತನ್ನಿ.

ಎರಡನೆಯ ತಪ್ಪು ಪೆಡಲಿನದು. ಸ್ವರವನ್ನು ನಿಲ್ಲದೆ ಮೊಳಗಿಸುವ ಬಲಗಾಲಿನ ಪೆಡಲನ್ನು ಆವರ್ತದುದ್ದಕ್ಕೂ ಒತ್ತಿ ಹಿಡಿದರೆ ಎಡಗೈಯ 1, 4, 5, 7 ಒಂದರೊಳಗೊಂದು ಕಲಸಿಹೋಗುತ್ತವೆ. 4 ಮತ್ತು 5 ಅಕ್ಕಪಕ್ಕದ ಮಾತ್ರೆಗಳು. ಅವು ಬೇರೆ ಬೇರೆ ಕೇಳಿಸದಿದ್ದರೆ ಹಬನೇರಾ ಸತ್ತಂತೆ. 1ಕ್ಕೆ ಒತ್ತಿ, 4 ಬರುವ ಮೊದಲೇ ಬಿಡಬೇಕು. ಕಲಿಯುವಾಗ ಪೆಡಲನ್ನು ಮುಟ್ಟದಿರುವುದೇ ಲೇಸು.

ಇನ್ನು ವೇಗ. ಕೈ ಪಳಗಿದ ಕೂಡಲೇ ಓಡಿಸುವ ಚಪಲ. ಜೋಡಿಗಳು ಪುಟ್ಟ ಜಾಗದಲ್ಲಿ, ಪಾದವನ್ನು ನೆಲದಿಂದ ಹೆಚ್ಚು ಎತ್ತದೆ ಕುಣಿಯುವ ಸಂಗೀತ ಇದು. ಓಡಿದರೆ ಹೆಜ್ಜೆಗೆ ಜಾಗವೇ ಇರುವುದಿಲ್ಲ. ಹಾಗೆಂದು ಪೀಠಿಕೆಯನ್ನು ಭಾವಪೂರ್ಣವಾಗಿ ಹಿಗ್ಗಿಸುವುದೂ ತಪ್ಪು. 16 ಆವರ್ತವನ್ನು ಎಣಿಸಿಕೊಂಡು ನಿಂತವರಿಗೆ ಮತ್ತೆ ಹೆಜ್ಜೆ ಎತ್ತುವ ಗಳಿಗೆ ತಪ್ಪಿಹೋಗುತ್ತದೆ.

ಮೂರು ಸಲ ಕೇಳಿ

ಆಲ್ಬಂನ ಯಾವುದೇ ಒಂದು ದಾನ್ಸೋನ್ ಆರಿಸಿಕೊಂಡು ಅದನ್ನೇ ಮೂರು ಸಲ ಕೇಳುವುದು ಹತ್ತು ದಾನ್ಸೋನ್ ಒಂದೊಂದು ಸಲ ಕೇಳುವುದಕ್ಕಿಂತ ಮೇಲು. ಮೊದಲ ಸಲ ಪೀಠಿಕೆ ಎಷ್ಟು ಸಲ ಮರಳುತ್ತದೆ ಎಂದಷ್ಟೇ ಎಣಿಸಿ. ಮರಳಿದಾಗಲೆಲ್ಲ ಕುಣಿಯುವವರು ನಿಂತದ್ದನ್ನು ಕಣ್ಣಿಗೆ ತಂದುಕೊಳ್ಳಿ. ಎರಡನೆಯ ಸಲ ಪಿಯಾನೋ ಬಿಟ್ಟು ಬುರುಡೆಯನ್ನು ಮಾತ್ರ ಹಿಂಬಾಲಿಸಿ. ಮೂರನೆಯ ಸಲ ಎಡಗೈ. ಕೊನೆಯ ಭಾಗಕ್ಕೆ ಬಂದಾಗ ಗಮನವಿರಲಿ: ಪುಟ್ಟದೊಂದು ಸ್ವರಗುಚ್ಛ ಮತ್ತೆ ಮತ್ತೆ ಸುತ್ತತೊಡಗುತ್ತದೆ, ‘ನೋಡು ನೋಡು ಬಾ’ ಹಿಂದೆ ಸರಿಯುತ್ತದೆ, ಗೀರು ಬೇರೆ ದಾರಿ ಹಿಡಿಯುತ್ತದೆ. ಉರ್ಫೆ 1910ರಲ್ಲಿ ಸೇರಿಸಿದ ಆ ಸೋನ್ ಭಾಗ ಶುರುವಾಗುವುದು ಅಲ್ಲಿಂದ.